ಎಂಟೆದೆಯ ಚಂದಾದಾರ

ದಾವಣಗೆರೆ ಚೌಕಿಪೇಟೆಯ ಪಾತ್ರೆ ಅಂಗಡಿ ಕೊಟ್ಟೂರೇಶನಿಗೆ ಚಾಳೀಸು ಬಂದು ಹತ್ತಿರದ ಅಕ್ಷರ ಕಾಣದಾದ ಸಂಗತಿ ಇಡೀ ಊರಿನಲ್ಲಿ ಅವನ ಹೆಂಡತಿ ಗುರುಶಾಂತಮ್ಮನೊಬ್ಬಳಿಗೇ ಗೊತ್ತಿತ್ತು. ಅಂಗಡಿಯಲ್ಲಿ ಅವನು ತೂಕದ ಚೀಟಿಯನ್ನು ಗಿರಾಕಿಯ ಕೈಗೇ ಕೊಟ್ಟು, "ನೀವೇ ನೋಡ್ಕಳ್ರಿ, ನಮ್ಮಲ್ಲಿ ಮೋಸ ಇಲ್ಲ" ಎನ್ನುತ್ತಿದ್ದ. ಗಿರಾಕಿಗಳು ಇದನ್ನು ಪ್ರಾಮಾಣಿಕತೆ ಎಂದು ತಿಳಿದು ಎರಡು ತಂಬಿಗೆ ಹೆಚ್ಚಿಗೆ ಕೊಳ್ಳುತ್ತಿದ್ದರು. ಕನ್ನಡಕ ಮಾಡಿಸಿಕೊಳ್ಳಿ ಎಂದು ಗುರುಶಾಂತಮ್ಮ ಒಮ್ಮೆ ಹೇಳಿ ನೋಡಿದ್ದಳು.

"ಗುಮಾಸ್ತನಂಗೆ ಕಾಣ್ತೀನಿ ಕಣೇ. ಬ್ಯಾಡ."

ಇಂಥವನು ಒಂದು ಪತ್ರಿಕೆಗೆ ವರ್ಷದ ಚಂದಾ ಕಟ್ಟಿದ. ಪತ್ರಿಕೆಯ ಹೆಸರು 'ಎಂಟೆದೆ'. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಹೊಳೆಯುವ ಕಾಗದದಲ್ಲಿ ಬರುತ್ತಿತ್ತು. ಹೆಸರಿನ ಕೆಳಗೆ 'ಗಂಡಸರ ಜೀವನಶೈಲಿ ಮತ್ತು ಸಾಹಸ ಮಾಸಪತ್ರಿಕೆ' ಎಂದಿರುತ್ತಿತ್ತು. ಕರಡಿ ಎದುರಾದರೆ ಏನು ಮಾಡಬೇಕು, ಟೈ ಕಟ್ಟುವುದು ಹೇಗೆ, ಮೋಟಾರ್ ಸೈಕಲ್ಲಿನ ಮೇಲೆ ಹಿಮಾಲಯ, ಗಡ್ಡ ಹೆರೆದ ಮೇಲೆ ಮುಖಕ್ಕೆ ಏನು ಬಳಿಯಬೇಕು, ಇಂಥವೆಲ್ಲ ಅದರಲ್ಲಿ ಇರುತ್ತಿದ್ದವು. ದಾವಣಗೆರೆ ಪೇಟೆಯಲ್ಲಿ ಕರಡಿ ಎಷ್ಟು ಅಪರೂಪವೋ ಟೈಯೂ ಅಷ್ಟೇ ಅಪರೂಪ. ಓದುಗರಿಗೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಪತ್ರಿಕೆ ನಿಜಲಿಂಗಪ್ಪ ಬಡಾವಣೆಯ ಮನೆಗೆ ಬರುತ್ತಿತ್ತು. ಬಂದ ದಿನ ಮಧ್ಯಾಹ್ನ ಕೊಟ್ಟೂರೇಶ ಊಟ ಮುಗಿಸಿ, ಮುಂಬಾಗಿಲ ಅಗುಳಿ ಹಾಕಿಸಿ, ದಿವಾನದ ಮೇಲೆ ಅಂಗಾತ ಮಲಗುತ್ತಿದ್ದ. ಗುರುಶಾಂತಮ್ಮ ಕೆಳಗೆ ಚಾಪೆಯ ಮೇಲೆ ಕೂತು ಮೊದಲ ಪುಟದಿಂದ ಕೊನೆಯ ಜಾಹೀರಾತಿನ ತನಕ ಗಟ್ಟಿಯಾಗಿ ಓದುತ್ತಿದ್ದಳು. ಹೆಂಗಸರಿಗಲ್ಲದ ಆ ಪತ್ರಿಕೆಯನ್ನು ಜಿಲ್ಲೆಯಲ್ಲಿ ಆಕೆಯಷ್ಟು ಪೂರ್ತಿಯಾಗಿ ಓದಿದ ಗಂಡಸು ಒಬ್ಬನೂ ಇರಲಾರ.

ಮರುದಿನ ಪತ್ರಿಕೆ ಅಂಗಡಿಗೆ ಹೋಗುತ್ತಿತ್ತು. ಚಂದಾ ಒಬ್ಬನದು, ಓದು ಅಂಗಡಿ ಕಟ್ಟೆಯವರೆಲ್ಲರದು, ಇದು ಚೌಕಿಪೇಟೆಯ ಪದ್ಧತಿ. ಸಂಜೆ ಮಂಡಕ್ಕಿ ಮಿರ್ಚಿಯ ಸುತ್ತ ಎಂಟು ಹತ್ತು ಮಂದಿ ಸೇರಿದಾಗ ಪಕ್ಕದ ಬಟ್ಟೆ ಅಂಗಡಿಯ ಬಕ್ಕೇಶ ತನ್ನ ದೊಡ್ಡ ಗಂಟಲಿನಲ್ಲಿ ಓದುತ್ತಿದ್ದ. "ನಾನು ನಿನ್ನೇನೇ ಓದಿ ಬಿಸಾಕೀನಿ, ನೀವು ಓದ್ರಪ" ಎಂದು ಕೊಟ್ಟೂರೇಶ ಗೋಡೆಗೆ ಒರಗುವನು. ಬಕ್ಕೇಶ ಉಸಿರು ತೆಗೆಯಲು ನಿಂತಾಗ ಮುಂದಿನ ವಾಕ್ಯವನ್ನು ತಾನೇ ಹೇಳುವನು. ಕಟ್ಟೆ ಬೆರಗಾಗುತ್ತಿತ್ತು. "ಒಂದ್ಸಲ ಕಣ್ಣಾಡಿಸಿದ್ರೆ ಸಾಕು, ಅಚ್ಚೊತ್ತಿದಂಗೆ ಐತಲ್ಲ ಮಾರಾಯ!"

ಇಷ್ಟರ ತನಕ ಗುರುಶಾಂತಮ್ಮನಿಗೆ ಏನೂ ಅನಿಸಿರಲಿಲ್ಲ. ಕೆಲವು ಗಂಡಸರಿಗೆ ಹೊಟ್ಟೆ ಸೆಳೆತ ಇರುತ್ತದೆ, ಇವನಿಗೆ ಇದು ಅಂದುಕೊಂಡಿದ್ದಳು.

'ನಾನೇಕೆ ಎಂಟೆದೆಗೆ ಚಂದಾದಾರನಾದೆ?' ಎಂದು ಪತ್ರಿಕೆ ಓದುಗರ ಅಭಿಪ್ರಾಯ ಕೇಳಿತು. ಚೆನ್ನಾಗಿ ಬರೆದವರಿಗೆ ಬಹುಮಾನ, ಜೊತೆಗೆ ಫೋಟೋ. ಕೊಟ್ಟೂರೇಶ ದಿವಾನದ ಮೇಲಿಂದ ಹೇಳಿಸಿದ.

"ಬರ್ಕ. ಪತ್ರಿಕೆ ಚಲೋ ಐತೆ. ಕಾಗದ ದಪ್ಪ ಐತೆ. ಚಿತ್ರ ಬಣ್ಣದಾಗವೆ."

"ಇಷ್ಟೇ ಏನ್ರಿ?"

"ಮತ್ತೇನು ಬೇಕು? ನೀನೇ ಎಲ್ಡು ಮಾತು ಸೇರ್ಸು" ಎಂದು ಅವನು ಗೋಡೆಯ ಕಡೆ ಹೊರಳಿದ.

ಎರಡು ಮಾತು ಸೇರಿಸಲು ಕೂತ ಗುರುಶಾಂತಮ್ಮನಿಗೆ ಹೊಳೆ ನೆನಪಾಯಿತು. ಆಕೆ ಕಡರನಾಯಕನಹಳ್ಳಿಯವಳು. ಹೈಸ್ಕೂಲಿಗೆಂದು ಹರಿಹರದ ಸೋದರಮಾವನ ಮನೆಯಲ್ಲಿದ್ದಳು. ಹಿತ್ತಲ ಬಾಗಿಲು ತೆಗೆದರೆ ತುಂಗಭದ್ರೆ. ಹರಿಗೋಲಿನ ಗುತ್ತೆಪ್ಪ ಆಕೆಯ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಈಜು ಕಲಿಸಿದ್ದ. ಒಂಬತ್ತನೇ ಕ್ಲಾಸಿನ ಆಷಾಢದಲ್ಲಿ, ಕೆನ್ನೀರು ತುಂಬಿ ಹರಿಯುವಾಗ, ಹುಡುಗರ ಮೇಲಿನ ಹಟಕ್ಕೆ ಆಕೆ ಬುರುಡೆಯಿಲ್ಲದೆ ಆಚೆ ದಡ ಮುಟ್ಟಿದ್ದಳು. ಬರುವಾಗ ಗುತ್ತೆಪ್ಪ ಹರಿಗೋಲಿನಲ್ಲಿ ಕರೆತಂದ. ಮನೆಯಲ್ಲಿ ಮಾವ ಹೊಡೆಯುವುದಕ್ಕೆಂದು ಹುಣಸೆಯ ಬರಲು ಹಿಡಿದು ಕಾದಿದ್ದ. ಆಕೆಯ ಮದುವೆಯ ಬೀಗರ ಊಟದಲ್ಲಿ ಅದೇ ಮಾವ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ್ದ. ಮದುಮಗ ಕೊಟ್ಟೂರೇಶನೂ ಹೋಳಿಗೆ ತಿನ್ನುತ್ತ ನಕ್ಕಿದ್ದ.

ಅದನ್ನೇ ಬರೆದಳು. ನಡುಹೊಳೆಯಲ್ಲಿ ಎರಡೂ ದಡ ಒಂದೇ ದೂರ ಕಾಣುವ ಜಾಗ ಒಂದಿದೆ, ಅಲ್ಲಿ ಹಿಂದಿರುಗುವುದು ದಡ್ಡತನ ಅನಿಸುತ್ತದೆ, 'ಎಂಟೆದೆ' ಓದುವಾಗಲೆಲ್ಲ ನಾನು ಮತ್ತೆ ಆ ಜಾಗದಲ್ಲಿರುತ್ತೇನೆ, ಅದಕ್ಕೇ ಚಂದಾದಾರನಾದೆ. ಹುಣಸೆ ಬರಲನ್ನು ಬಿಟ್ಟಳು. ಆಕೆ ಬೆರಳಿಟ್ಟು ತೋರಿಸಿದ ಕಡೆ ಅವನು ಸಹಿ ಮಾಡಿದ.

ಮೊದಲ ಬಹುಮಾನ ಬಂತು. ಕಟ್ಟೆಯ ಮೇಲೆ ಬಕ್ಕೇಶ ಓದಿ ಮುಗಿಸಿ, "ಲೇ ಕೊಟ್ರಾ, ಹೊಳಿ ಈಜೀಯೇನಲೇ ನೀನು? ಒಂದಿನನೂ ಬಾಯಿ ಬಿಟ್ಟಿಲ್ಲಲ್ಲ!" ಅಂದಾಗ ಕೊಟ್ಟೂರೇಶ ಗೋಡೆಗೆ ಇನ್ನಷ್ಟು ಒರಗಿ, "ಹುಡುಗಾಟದ ವಯಸ್ಸು ಬಿಡ್ರಪ" ಅಂದನಂತೆ. ಗುರುಶಾಂತಮ್ಮನಿಗೆ ಇದೂ ತಮಾಷೆಯಾಗಿಯೇ ಕಂಡಿತು. ತನ್ನ ಹೊಳೆ ಹೇಗೋ ಅಚ್ಚಾಯಿತಲ್ಲ.

ಆಮೇಲೆ ಬೆಂಗಳೂರಿನಿಂದ ವರದಿಗಾರ ಬಂದ. ಕ್ಯಾಮೆರಾ ಹೊತ್ತ ತೆಳ್ಳನೆಯ ಮನುಷ್ಯ. ಮಾತುಕತೆ ಅಂಗಡಿಯಲ್ಲೇ ನಡೆಯಿತು. ಗುರುಶಾಂತಮ್ಮ ಮನೆಯಿಂದ ಅವಲಕ್ಕಿ, ಚಹಾ ಕಳಿಸಿದಳು. ಮುಂದಿನ ಸಂಚಿಕೆ ಮನೆಗೆ ಬಂದ ಮಧ್ಯಾಹ್ನ ಅಗುಳಿ ಹಾಕಿ, ಚಾಪೆಯ ಮೇಲೆ ಕೂತು ಓದತೊಡಗಿದಳು. ಕೊಟ್ಟೂರೇಶ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈ ಜೋಡಿಸಿ ಕೇಳುತ್ತಿದ್ದ.

"'ಪ್ರಶ್ನೆ: ನಿಮ್ಮ ಮನೆಯಲ್ಲೂ ಎಂಟೆದೆ ಓದುತ್ತಾರೆಯೇ? ಉತ್ತರ: ಓದುವುದೇ? ನಮ್ಮ ಮನೆಯವರು ಅದರ ಹಾಳೆಯಲ್ಲಿ ಒಣಮೆಣಸಿನಕಾಯಿ ಕಟ್ಟಿಡುತ್ತಾರೆ. ಪ್ರಶ್ನೆ: ಅವರಿಗೂ ಈಜು ಕಲಿಸಿದ್ದೀರಾ? ಉತ್ತರ, ನಗುತ್ತಾ: ಅವರಿಗೆ ಬಚ್ಚಲ ಹಂಡೆಯ ನೀರು ಕಂಡರೂ ಭಯ. ಹೆಂಗಸರಿಗೆ ಚಂದಾ ಮಾಡಿಸುವುದೂ ಹಂಡೆಗೆ ಹುಟ್ಟು ಹಾಕುವುದೂ ಒಂದೇ.'"

ಆಕೆಯ ದನಿ ಏರಲಿಲ್ಲ, ಇಳಿಯಲಿಲ್ಲ. ಕಂಸದಲ್ಲಿದ್ದ 'ನಗುತ್ತಾ' ಎಂಬುದನ್ನೂ ಬಿಡದೆ ಓದಿದಳು. ದಿವಾನದ ಮೇಲೆ ಜೋಡಿಸಿದ ಕೈಗಳು ಸ್ವಲ್ಪ ಬಿಟ್ಟುಕೊಂಡವು.

"ಅದು... ಪೇಪರ್‌ನೋರು ಸೇರ್ಸ್ತಾರೆ ಕಣೇ. ಗಮ್ಮತ್ತಿಗೆ."

"ಮುಂದೆ ಓದ್ಲೇನ್ರಿ?"

"ಓದು."

ಗಡ್ಡಕ್ಕೆ ಹಚ್ಚುವ ಎಣ್ಣೆಯ ಜಾಹೀರಾತಿನ ತನಕ ಓದಿದಳು. ಪತ್ರಿಕೆ ಮಡಚಿಟ್ಟು, ಬಚ್ಚಲಿಗೆ ಹೋಗಿ, ಹಂಡೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ತಾಮ್ರದ ಹಂಡೆ. ಅವನ ಅಂಗಡಿಯದೇ.

ವಾರದೊಳಗೆ ಹಂಡೆ ಊರಾಡಿತು. ಎದುರು ಮನೆಯ ಪ್ರೇಮಲತಾ ಗೇಟಿಗೆ ಒರಗಿ, "ಯಾಕ ಶಾಂತಕ್ಕ, ಜಳಕಕ್ಕೆ ನಾನು ಬಂದು ನಿಂದ್ರಲೇನು?" ಅಂದಳು. ರವಿಕೆ ಹೊಲಿಯುವ ಹಜೀರಾಬೀ ಅಳತೆ ತೆಗೆಯುತ್ತ, "ನಿಮ್ ಯಜಮಾನ್ರು ದೊಡ್ಡ ಈಜುಗಾರ್ರಂತಲ್ಲ ಅಕ್ಕ, ನೀವು ಹಿಂಗ್ಯಾಕೆ?" ಎಂದು ನಿಜವಾಗಿಯೂ ಮರುಗಿದಳು. ಅತ್ತೆ ಬಸವಣ್ಣೆಮ್ಮ ಬಂದವರಿಗೆಲ್ಲ ಮಗನ ಫೋಟೋ ತೋರಿಸಿ, "ನಮ್ಮ ಕೊಟ್ರ ಸಣ್ಣಾವನಿದ್ದಾಗ್ಲಿಂದ ನೀರಾಗೇ ಬೆಳೆದಾವ" ಎನ್ನತೊಡಗಿದರು. ಕೊಟ್ಟೂರೇಶ ಬೆಳೆದದ್ದು ಹಳೇಪೇಟೆಯಲ್ಲಿ, ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ.

ಗುರುಶಾಂತಮ್ಮನಿಗೆ ಬೇಕಾದದ್ದು ಒಂದೇ ಆಯಿತು. ಕಟ್ಟೆಯವರೆಲ್ಲ ಕೇಳುವ ಹಾಗೆ ಅವನು ತನ್ನ ಬಾಯಿಂದ ಹೇಳಬೇಕು: ಈಜಿದ್ದು ಅವಳು. ಮನೆಯೊಳಗೆ, ಅಗುಳಿ ಹಾಕಿಕೊಂಡು, ತಪ್ಪಾಯಿತು ಕಣೇ ಅಂದರೆ ಆಗದು. ಅಚ್ಚಾದದ್ದಕ್ಕೆ ಅಡಿಗೆಮನೆಯ ತಪ್ಪೊಪ್ಪಿಗೆ ಸಾಲದು.

ಕೀರ್ತಿ ಬಂದವನಿಗೆ ಕೃತಜ್ಞತೆ ಹೇಳುವ ಆಸೆ ಹುಟ್ಟುತ್ತದೆ. ಕೊಟ್ಟೂರೇಶ ಮತ್ತೊಂದು ಪತ್ರ ಬರೆಸಿದ. "ಸಂಪಾದಕರಿಗೆ ನಮಸ್ಕಾರ, ಸಂದರ್ಶನ ಚಲೋ ಬಂದೈತೆ, ಫೋಟೋ ಇನ್ನೊಂಚೂರು ದೊಡ್ಡದು ಹಾಕಬೋದಿತ್ತು. ಆಮ್ಯಾಲೆ ನೀನೇ ಸೇರ್ಸು."

ಆಕೆ ಸೇರಿಸಿದಳು. 'ಓದುಗ ಬಂಧುಗಳ ಒತ್ತಾಯಕ್ಕೆ ಮಣಿದು, ಬರುವ ಶ್ರಾವಣದ ಕೊನೆಯ ಭಾನುವಾರ ಬೆಳಿಗ್ಗೆ ಹರಿಹರದ ಹೊಳೆಯನ್ನು ಮತ್ತೊಮ್ಮೆ ಈಜಿ ತೋರಿಸಲು ನಿಶ್ಚಯಿಸಿದ್ದೇನೆ. ಚಂದಾದಾರರೆಲ್ಲರೂ ಬರಬೇಕು. ಚಂದಾದಾರರಲ್ಲದವರು ಅಂದೇ ಚಂದಾದಾರರಾಗಬಹುದು.' ಕೊನೆಯ ವಾಕ್ಯ ಬರೆಯುವಾಗ ಸಂಪಾದಕನ ಮುಖ ಆಕೆಯ ಕಣ್ಣಿಗೆ ಕಟ್ಟಿತು. ಈ ಪತ್ರವನ್ನು ಅವನು ಕಸದ ಬುಟ್ಟಿಗೆ ಹಾಕಲಾರ.

"ಎಲ್ಲಿ ಸಹಿ?"

"ಇಲ್ಲಿ ನೋಡ್ರಿ. ಇನ್ನೂ ಸ್ವಲ್ಪ ಕೆಳಗೆ."

ಪತ್ರಿಕೆ ಅದನ್ನು ಚೌಕಟ್ಟು ಕಟ್ಟಿ ಅಚ್ಚು ಹಾಕಿತು. ಮಧ್ಯಾಹ್ನದ ಓದಿನಲ್ಲಿ ಗುರುಶಾಂತಮ್ಮ ಆ ಪುಟವನ್ನು ಹಾರಿಸಿದಳು. ಮರುದಿನ ಸಂಜೆ ಕಟ್ಟೆಯ ಮೇಲೆ ಬಕ್ಕೇಶ ಓದಿದ. ಆ ಹೊತ್ತಿಗೆ ಕೊಟ್ಟೂರೇಶನ ಬಾಯಿಯಲ್ಲಿ ಇಡೀ ಮಿರ್ಚಿ ಇತ್ತಂತೆ.

ಅವನು ಮನೆಗೆ ಬಂದಾಗ ಆಕೆ ಶೇಂಗಾ ಹುರಿಯುತ್ತಿದ್ದಳು.

"ಏನೇ ಇದು! ಯಾರು ಬರ್ದಿದ್ದು?"

"ನೀವೇ ಅಲ್ಲೇನ್ರಿ? ಸಹಿ ನಿಮ್ದೇ ಐತಲ್ಲ."

"ನಾನು ಓದದೇನೇ ಸಹಿ ಮಾಡಿದ್ದೆ."

"ಹಂಗಂತ ಬರೀರಿ ಪೇಪರಿಗೆ. ನನಗೆ ಕಣ್ಣು ಕಾಣಂಗಿಲ್ಲ, ಹೆಂಡ್ತಿ ಓದ್ತಾಳೆ, ಹೆಂಡ್ತಿ ಬರೀತಾಳೆ, ನಾನು ಮಲ್ಕಂಡಿರ್ತೀನಿ ಅಂತ. ನಾನೇ ಬರ್ಕೊಡ್ಲೇನು?"

ಅವನು ಸ್ಟೂಲಿನ ಮೇಲೆ ಕುಸಿದ. ಆಕೆ ಶೇಂಗಾ ಮಗುಚಿ ಹಾಕಿದಳು.

"ಹಂಡೇದಕ್ಕೆ ಸಿಟ್ಟೇನು ನಿಂಗೆ?"

"ಸಿಟ್ಟಿಲ್ಲ. ನಾಳೆ ಕಟ್ಟೆ ಮ್ಯಾಲೆ ನಿಂತು ಒಂದು ಮಾತು ಹೇಳ್ರಿ. ಹೊಳಿ ಈಜಿದ್ದು ನಾನಲ್ಲ, ಗುರುಶಾಂತಮ್ಮ ಅಂತ. ಅಲ್ಲಿಗೆ ಮುಗೀತು. ಮೈಗೆ ಹುಷಾರಿಲ್ಲ ಅಂತ ನಾನೇ ಬೆಂಗಳೂರಿಗೆ ಬರೀತೀನಿ."

"ಕಟ್ಟೆ ಮ್ಯಾಲೆ? ಆ ಬಕ್ಕೇಶನ ಮುಂದೆ?" ಕೊಟ್ಟೂರೇಶ ಎದ್ದು ನಿಂತ. "ಅದಕ್ಕಿಂತ ಹೊಳಿ ಹಾರ್ತೀನಿ ನಾನು!"

"ಅದೇ ಮತ್ತೆ. ಶ್ರಾವಣದ ಭಾನುವಾರ ಐತಲ್ಲ" ಎಂದು ಗುರುಶಾಂತಮ್ಮ ಬಾಣಲೆ ಇಳಿಸಿದಳು.

ಮುಂದಿನ ಸಂಚಿಕೆ ಬಂತು. ಎರಡು ಪುಟದ ತುಂಬ ಚಂದಾದಾರರ ಅಭಿಪ್ರಾಯಗಳಿದ್ದವು. ಈ ಸಲ ಗುರುಶಾಂತಮ್ಮ ಒಂದಕ್ಷರವನ್ನೂ ಹಾರಿಸಲಿಲ್ಲ. ರಾಣೆಬೆನ್ನೂರಿನ ಒಬ್ಬರು ಬರೆದಿದ್ದರು: 'ಕರಡಿಯ ಲೇಖನವನ್ನೇ ಮತ್ತೆ ಹಾಕಿದ್ದೀರಿ. ಚಂದಾ ನಿಲ್ಲಿಸುವವನಿದ್ದೆ. ಶ್ರೀ ಕೊಟ್ಟೂರೇಶ್ ಅವರು ಈಜಿದರೆ ಮುಂದುವರಿಸುತ್ತೇನೆ, ಈಜದಿದ್ದರೆ ಉಳಿದ ತಿಂಗಳುಗಳ ಹಣ ಮರಳಿಸಿ.' ಚಿತ್ರದುರ್ಗದ ಉಪನ್ಯಾಸಕರು: 'ಈ ಪತ್ರಿಕೆಯನ್ನು ನಾನು ಪಠ್ಯಪುಸ್ತಕದೊಳಗೆ ಇಟ್ಟು ಓದುತ್ತಿದ್ದೆ. ಇಂಥ ಧೀರರೂ ಚಂದಾದಾರರೆಂದು ತಿಳಿದ ಮೇಲೆ ಸ್ಟಾಫ್ ರೂಮಿನಲ್ಲಿ ಬಹಿರಂಗವಾಗಿ ಓದುತ್ತಿದ್ದೇನೆ.' ಹೊನ್ನಾಳಿಯ ಕಟಿಂಗ್ ಶಾಪಿನ ಮಾಲೀಕರು: 'ಎಂಟೆದೆ ತರಿಸಿದಾಗಿನಿಂದ ಗಿರಾಕಿಗಳು ಕ್ಷೌರ ಮುಗಿದರೂ ಕುರ್ಚಿ ಬಿಡುವುದಿಲ್ಲ. ನಷ್ಟವಾಗಿದೆ. ಆದರೂ ಅಂದು ಅಂಗಡಿ ಮುಚ್ಚಿ ಹರಿಹರಕ್ಕೆ ಬರುತ್ತೇವೆ.' ಹರಪನಹಳ್ಳಿಯವರೊಬ್ಬರಿಗೆ ಶ್ರೀಯುತರು ಈಜುವ ಮುನ್ನ ಮೈಗೆ ಯಾವ ಎಣ್ಣೆ ಹಚ್ಚುತ್ತಾರೆ ಎಂಬುದಷ್ಟೇ ಬೇಕಿತ್ತು.

"ಸಾಕು" ಅಂದ ಕೊಟ್ಟೂರೇಶ.

"ಇನ್ನೂ ಐತ್ರಿ. ಶಿಗ್ಗಾವಿಯೋರು ಬಸ್ ಮಾಡ್ಕಂಡು ಬರ್ತಾರಂತೆ."

ಅದೇ ಸಂಚಿಕೆಯಲ್ಲಿ ಪುಣ್ಯಕ್ಕೋ ಪಾಪಕ್ಕೋ 'ವಾರದಲ್ಲಿ ಈಜು ಕಲಿಯಿರಿ' ಎಂಬ ಲೇಖನವಿತ್ತು. ಆ ದಿನದಿಂದ ಮಧ್ಯಾಹ್ನಗಳಲ್ಲಿ ಅವನು ದಿವಾನದ ಮೇಲೆ ಬೋರಲು ಮಲಗಿ, ಆಕೆ ಓದಿದಂತೆ ಕೈಕಾಲು ಆಡಿಸತೊಡಗಿದ. 'ಬಲಗೈ ಮುಂದೆ. ಮುಖ ಎಡಕ್ಕೆ. ಉಸಿರು.' ಅವನು ಬಲಗೈ ಮುಂದೆ ಚಾಚಿ ಮುಖವನ್ನೂ ಬಲಕ್ಕೇ ತಿರುಗಿಸುತ್ತಿದ್ದ. ಕಾಲನ್ನು ಸೈಕಲ್ ತುಳಿದಂತೆ ಮಡಚುತ್ತಿದ್ದ. ಹೀಗೆ ಈಜಿದವನು ಇದ್ದಲ್ಲೇ ನೆಟ್ಟಗೆ ಮುಳುಗುತ್ತಾನೆಂದು ಗುರುಶಾಂತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ತಿದ್ದಲಿಲ್ಲ. ದಿವಾನದ ಹತ್ತಿ ಒಂದು ಕಡೆ ಗಂಟುಗಟ್ಟಿತು.

ಹಾಗೆಂದು ವಿಧವೆಯಾಗುವ ಆಸೆಯೇನೂ ಆಕೆಗಿರಲಿಲ್ಲ. ಸೇಡಿಗೆ ಗಂಡ ಬದುಕಿರಬೇಕು. ಭಾನುವಾರಕ್ಕೆ ಮುಂಚೆ ಆಕೆ ಮಾವನ ಮನೆಗೆಂದು ಹರಿಹರಕ್ಕೆ ಹೋಗಿ ಗುತ್ತೆಪ್ಪನನ್ನು ಕಂಡಳು. ಮುದುಕನಾಗಿದ್ದ, ತೋಳು ಮಾತ್ರ ಮೊದಲಿನಂತೆಯೇ ಇತ್ತು.

"ಅವ್ರು ನೀರಿಗೆ ಇಳೀತಾರೆ ಗುತ್ತೆಪ್ಪಣ್ಣ. ಹರಿಗೋಲು ಮಗ್ಗುಲಾಗೇ ಇರ್ಲಿ. ಮುಳುಗಾಕೆ ಬಿಡಬ್ಯಾಡ. ಹತ್ತಿಸ್ಕಳ್ಳಾಕೂ ಬ್ಯಾಡ. ನಾನು ಕೈ ಎತ್ತೋ ತನಕ."

ಗುತ್ತೆಪ್ಪ ಆಕೆಯನ್ನು ದಿಟ್ಟಿಸಿದ. "ಹೊಡದ್ನೇನವ್ವಾ?"

"ಹೊಡೆದಿದ್ರೆ ಮನ್ಯಾಗೆ ಮುಗೀತಿತ್ತು. ಇದು ಅಚ್ಚಾಗೈತೆ."

ಗುತ್ತೆಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೂ ಅರ್ಥವಾಯಿತು ಎಂಬಂತೆ ತಲೆಯಾಡಿಸಿದ.

ಭಾನುವಾರ ಹೊಳೆ ತುಂಬಿತ್ತಾದರೂ ರೊಚ್ಚು ಇಳಿದಿತ್ತು. ಮೆಟ್ಟಿಲುಗಳ ಮೇಲೆ ಚಂದಾದಾರರು ಸೇರಿದ್ದರು. ಎಂಟೆದೆ ಓದುವವರು ಹೇಗಿರುತ್ತಾರೆಂದು ಗುರುಶಾಂತಮ್ಮ ಮೊದಲ ಸಲ ನೋಡಿದಳು: ಸಣ್ಣ ಹೊಟ್ಟೆ, ದಪ್ಪ ಮೀಸೆ, ಕೈಯಲ್ಲಿ ಟಿಫಿನ್ ಡಬ್ಬಿ. ಕಟ್ಟೆಯವರು ಬಕ್ಕೇಶನ ಮೆಟಡೋರಿನಲ್ಲಿ ಬಂದು ಮುಂದಿನ ಸಾಲು ಹಿಡಿದಿದ್ದರು. ವರದಿಗಾರ ಬೆಳಕು ನೋಡುತ್ತಿದ್ದ. ಕೊಟ್ಟೂರೇಶ ಪತ್ರಿಕೆ ಕಳಿಸಿದ್ದ ಹೊಸ ಬನಿಯನ್ನು, ಮೊಣಕಾಲುದ್ದದ ಪಟ್ಟಾಪಟ್ಟಿ ಚಡ್ಡಿ, ಕೊರಳಲ್ಲಿ ಚೆಂಡುಹೂವಿನ ಹಾರದಲ್ಲಿ ನಿಂತಿದ್ದ. ಅವನ ಮೊಣಕಾಲುಗಳನ್ನು ಪೇಟೆ ಇದುವರೆಗೆ ನೋಡಿರಲಿಲ್ಲ.

"ಲೇ ಕೊಟ್ರಾ, ಆಚಿ ದಡದಾಗೆ ಚಾ ಸಿಗ್ತತೇನಲೇ? ಹೋದಾಂವ ಬರ್ತಾ ತಗಂಬಾ!" ಬಕ್ಕೇಶ ಕೂಗಿದ.

"ಮೊದ್ಲು ಗಂಗಮ್ಮನ ಪೂಜೆ ಆಗ್ಬೇಕಲ್ಲ" ಎಂದು ಕೊಟ್ಟೂರೇಶ ಹೊತ್ತು ಕಳೆಯಲು ನೋಡಿದ. ಗುರುಶಾಂತಮ್ಮ ಸಿದ್ಧವಾಗಿಯೇ ಬಂದಿದ್ದಳು. ಕೆಳಗಿನ ಮೆಟ್ಟಿಲಿಗೆ ಇಳಿದು, ಅರಿಸಿನ ಕುಂಕುಮ ಬಿಟ್ಟು, ಖಣ ಬಳೆ ಅಕ್ಕಿಯಿಂದ ಹೊಳೆಯ ಉಡಿ ತುಂಬಿ, ತಿರುಗಿ ಗಟ್ಟಿಯಾಗಿ ಹೇಳಿದಳು.

"ಗಂಗಮ್ಮ ಒಪ್ಪಿದ್ಲು. ಇಳೀರಿ."

ಆಕೆಯ ಪಕ್ಕ ಬಂದು ನಿಂತಾಗ ಅವನು ತುಟಿಯಲ್ಲೇ, "ಲೇ ಶಾಂತಾ, ಬ್ಯಾಡ ಕಣೇ" ಅಂದ.

"ಒಂದು ಮಾತು ಹೇಳ್ರಿ, ಮ್ಯಾಲೆ ಹೋಗಾಣ. ಎಲ್ರೂ ಇಲ್ಲೇ ಅದಾರೆ."

ಅವನು ಮುಂದಿನ ಸಾಲಿನ ಕಡೆ ನೋಡಿದ. ಬಕ್ಕೇಶ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಕೊಟ್ಟೂರೇಶ ಹಾರ ತೆಗೆದು ಹೆಂಡತಿಯ ಕೈಗೆ ಕೊಟ್ಟು ನೀರಿಗೆ ಕಾಲಿಟ್ಟ. ಹೇಳುವುದಕ್ಕಿಂತ ಮುಳುಗುವುದು ಮೇಲೆಂದು ಈ ಮನುಷ್ಯ ನಿಜಕ್ಕೂ ನಂಬಿದ್ದಾನೆ ಎಂದು ತಿಳಿದ ಆ ಗಳಿಗೆಯಲ್ಲಿ ಗುರುಶಾಂತಮ್ಮನಿಗೆ ಅವನ ಮೇಲೆ ಸಣ್ಣ ಗೌರವವೂ ಹುಟ್ಟಿತು. ಸೇಡು ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಎದೆಮಟ್ಟಕ್ಕೆ ಹೋದ. ಚಪ್ಪಾಳೆ ಬಿತ್ತು. ಬಲಗೈ ಮುಂದೆ ಚಾಚಿ ಮುಖವನ್ನೂ ಬಲಕ್ಕೇ ತಿರುಗಿಸಿದ. ಪಾಚಿಯ ಮೇಲಿದ್ದ ಕಾಲು ಜಾರಿತು. ತಲೆ ಹೋಯಿತು, ಬಂತು, ಮತ್ತೆ ಹೋಯಿತು. ಸೆಳವು ಅವನನ್ನು ಎಳೆದುಕೊಂಡು ನಾಲ್ಕು ಮಾರು ಒಯ್ಯುವಷ್ಟರಲ್ಲಿ ಹರಿಗೋಲು ಪಕ್ಕದಲ್ಲಿತ್ತು. ಅವನು ಎರಡೂ ಕೈಯಿಂದ ಅದರ ಅಂಚು ತಬ್ಬಿದ.

"ಎಳ್ಕಳಲೇ! ಎಳ್ಕ!"

"ಕೈ ಬಿಡಬ್ಯಾಡ್ರಿ ಸಾವ್ಕಾರ್ರೆ, ಏನೂ ಆಗಲ್ಲ" ಎಂದ ಗುತ್ತೆಪ್ಪ, ಹುಟ್ಟು ಊರಿ ಹರಿಗೋಲನ್ನು ಅಲ್ಲೇ ತಿರುಗಿಸುತ್ತ. "ಆದ್ರೆ ಹತ್ತಿಸ್ಕಳಂಗಿಲ್ಲ. ನಮ್ಮ ಶಾಂತವ್ವ ಹೇಳ್ಬೇಕು."

ಹರಿಗೋಲು ಸುತ್ತಿದಂತೆ ಕೊಟ್ಟೂರೇಶನೂ ಸುತ್ತಿದ. ದಡ ಬಂತು, ಹೋಯಿತು. ದಡ ಬಂದಾಗಲೆಲ್ಲ ಹೆಂಡತಿ ಚೆಂಡುಹೂವಿನ ಹಾರ ಹಿಡಿದು ನಿಂತಿರುವುದು ಕಾಣುತ್ತಿತ್ತು. ದೂರದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಶಾಂತಾ! ಹೇಳೇ ಇವ್ನಿಗೆ!"

"ನಾನೇನು ಹೇಳ್ಲಿ? ನೀವು ಹೇಳ್ರಿ!"

ಇನ್ನೊಂದು ಸುತ್ತು. ನೀರು ಬಾಯಿಗೆ ಹೋಗಿ ಕೆಮ್ಮಿದ. ನಂತರ ಹೊಳೆಯ ಸದ್ದಿನ ಮೇಲೆ ಅವನ ಗಂಟಲು ಕೇಳಿಸಿತು.

"ಈಜಿದ್ದು ನಾನಲ್ಲ!"

"ಮತ್ಯಾರಲೇ?" ಬಕ್ಕೇಶ ಕೇಳಿದ, ಮೂದಲಿಕೆಗಲ್ಲ, ನಿಜವಾದ ಕುತೂಹಲಕ್ಕೆ.

"ಶಾಂತಾ!"

"ಯಾವ ಶಾಂತಾ?" ಎಂದರು ರಾಣೆಬೆನ್ನೂರಿನವರು. ಚಂದಾ ಕಟ್ಟಿದವರಿಗೆ ವಿವರ ಬೇಕಲ್ಲ.

"ನನ್ ಹೆಂಡ್ತಿ! ಗುರುಶಾಂತಮ್ಮ!"

"ಹಿಂದಿನೋರಿಗೆ ಕೇಳ್ಸಿಲ್ಲಂತೆ ನೋಡ್ರಿ" ಅಂದಳು ಗುರುಶಾಂತಮ್ಮ.

"ಗುರುಶಾಂತಮ್ಮ! ಹೊಳಿ ಈಜಿದಾಕಿ ಆಕೀನೇ! ಹಂಡೇದು ಸುಳ್ಳು! ಕಾಗದ ಬರ್ದಿದ್ದೂ ಆಕೀನೇ, ಓದಾಕೀನೂ ಆಕೀನೇ! ನನಗೆ ಕಣ್ಣು ಕಾಣಂಗಿಲ್ಲ! ಚಾಳೀಸು ಬಂದೈತೆ!"

ಚಾಳೀಸಿನ ಮಾತನ್ನು ಆಕೆ ಕೇಳಿರಲಿಲ್ಲ. ಅದು ಅವನಾಗಿಯೇ ಸೇರಿಸಿದ್ದು. ಆಕೆ ಕೈ ಎತ್ತಿದಳು.

ಗುತ್ತೆಪ್ಪ ಅವನನ್ನು ಒದ್ದೆ ಗೋಣಿಚೀಲದಂತೆ ಒಳಗೆ ಎಳೆದುಕೊಂಡ. ಮೆಟ್ಟಿಲ ಮೇಲೆ ಯಾರು ಮೊದಲು ನಕ್ಕರೋ, ಆಮೇಲೆ ನಿಲ್ಲಲಿಲ್ಲ. ಶಿಗ್ಗಾವಿಯ ಬಸ್ಸಿನವರು ಟಿಫಿನ್ ಡಬ್ಬಿ ಬಡಿದರು. ಬಟ್ಟೆ ಒಗೆಯುತ್ತಿದ್ದ ಮುದುಕಿ ಉಚ್ಚೆಂಗೆಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದು, "ಇದನ್ನ ಕೇಳಾಕೆ ಇಷ್ಟು ಜನ ಬಂದೀರೇನು? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ಈಕಿ ಮಾವ ಹೊಡೆಯೋದ ನಾನೇ ಬಿಡ್ಸೀನಿ" ಅಂದಳು.

ವರದಿಗಾರ ತಲೆ ಕೆರೆದುಕೊಳ್ಳುತ್ತ ಗುರುಶಾಂತಮ್ಮನ ಹತ್ತಿರ ಬಂದ. "ಮೇಡಂ, ಇದನ್ನ ಹೇಗೆ ಬರೆಯೋದು? ನಮ್ಮದು ಗಂಡಸರ ಪತ್ರಿಕೆ."

"ಬರೀಬ್ಯಾಡ್ರಿ" ಅಂದಳು ಆಕೆ. ಮುಂದಿನ ಸಾಲಿನಲ್ಲಿ ಕಟ್ಟೆಯ ಅಷ್ಟೂ ಮಂದಿ ಇದ್ದರು. ಯಾರೂ ಅವನನ್ನು ನೋಡುತ್ತಿರಲಿಲ್ಲ, ಆಕೆಯನ್ನು ನೋಡುತ್ತಿದ್ದರು. "ಕೇಳಿಸ್ಕಬೇಕಾದೋರು ಕೇಳಿಸ್ಕಂಡ್ರು."

ಮೆಟಡೋರಿನಲ್ಲಿ ಮುಂದಿನ ಸೀಟು ಆಕೆಗೆ ಬಿಟ್ಟರು. ಕೊಟ್ಟೂರೇಶ ಗುತ್ತೆಪ್ಪನ ಕಂಬಳಿ ಹೊದ್ದು ಹಿಂದೆ, ಸ್ಟೆಪ್ನಿ ಟೈರಿನ ಮೇಲೆ ಕೂತಿದ್ದ. ಹರಿಹರ ದಾಟಿದ ಮೇಲೆ ಬಕ್ಕೇಶ ಸ್ಟೇರಿಂಗ್ ಹಿಡಿದಂತೆಯೇ, ಶಾಲೆಯ ಹುಡುಗನ ದನಿಯಲ್ಲಿ ಕೇಳಿದ.

"ಅಕ್ಕಾರೆ, ನಡುಹೊಳ್ಯಾಗೆ ನೀರು ತಣ್ಣಗಿರ್ತತೇನ್ರಿ?"

"ಮ್ಯಾಲೆ ಬೆಚ್ಚಗಿರ್ತತೆ. ಕಾಲ ಕೆಳಗೆ ತಣ್ಣಗೆ."

"ಸೆಳವು ಬಂದ್ರೆ ಹೆಂಗೆ ಮಾಡಿದ್ರಿ?"

ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದರು. ಗುರುಶಾಂತಮ್ಮ ಹೇಳತೊಡಗಿದಳು. ಸೆಳವಿನ ಜೊತೆ ಜಗಳಾಡಬಾರದು, ಅದಕ್ಕೆ ಅಡ್ಡಲಾಗಿ ಈಜಬೇಕು, ದಡವನ್ನು ನೋಡಬಾರದು, ದಡದ ಮೇಲಿನ ಒಂದು ಮರವನ್ನು ನೋಡಬೇಕು. ಕೊಟ್ಟೂರೇಶ ಕಂಬಳಿಯೊಳಗಿಂದ, "ಅದು ನಾನೂ ಓದೀನಿ..." ಎಂದು ಬಾಯಿ ತೆರೆದ.

"ತಡೀಯಪ ಸ್ವಲ್ಪ" ಅಂದ ಬಕ್ಕೇಶ. "ಅಕ್ಕಾರು ಹೇಳಾಕತ್ತಾರೆ."

ಕೊಟ್ಟೂರೇಶ ಸೀನಿದ. ಮತ್ತೆ ಸೀನಿದ. ಬಾತಿ ಗುಡ್ಡ ಕಾಣಿಸಿಕೊಳ್ಳುತ್ತಿತ್ತು, ಚೌಕಿಪೇಟೆ ಇನ್ನೂ ದೂರವಿತ್ತು. ಗುರುಶಾಂತಮ್ಮ ಅವನ ಸೀನು ಮುಗಿಯುವ ತನಕ ಕಾದಳು. ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಮರೆತವಳಂತೆ ಒಂದು ಗಳಿಗೆ ಯೋಚಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದಳು.